ನೆಲವೂ ಡೊಂಕಿರಬಹುದು: ಚಿತ್ರ ಬರೆಯುವವರ ಸಾಮಾನು ಮತ್ತು ಕೈಯ ತಾಲೀಮು

ಮಸಿಕುಡಿಕೆ (ಸರಸ್ವತಿಪುರಂ, ಮೈಸೂರು)

ಕಳೆದ ವಾರ ನಾನು ನಮ್ಮ ಈ ಚರ್ಚೆಯ ಗುಂಪಿನಲ್ಲಿ ಹಾಕಿದ್ದ ಆನೆಯ ಚಿತ್ರಕ್ಕೆ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸಾಮಾನಿನದೇ. ಯಾವ ಪೆನ್ನು, ಯಾವ ಕಾಗದ, ಬ್ರಷ್ಷು ಎಷ್ಟನೇ ನಂಬರಿನದು? ಒಬ್ಬೊಬ್ಬರಿಗೂ ಬಿಡಿಯಾಗಿ ಬರೆಯುವ ಬದಲು ಒಟ್ಟಿಗೇ ಹೇಳುತ್ತೇನೆ. ಹದಿನಾಲ್ಕು ವರ್ಷಗಳಿಂದ ಮಕ್ಕಳ ಪುಸ್ತಕಗಳಿಗೆ, ವಾರಪತ್ರಿಕೆಯ ಕಥೆಗಳಿಗೆ ಚಿತ್ರ ಬರೆದೇ ಮನೆ ನಡೆಸುತ್ತಿದ್ದೇನೆ. ಆ ಅನುಭವದ ಮಾತು ಇದು.

ಪೆನ್ಸಿಲುಗಳು ಮೂರು: ಎಚ್‌ಬಿ, 2ಬಿ, ದಟ್ಟ ನೆರಳಿಗೆ 6ಬಿ. ಪೆನ್ಸಿಲಿನ ಕಡ್ಡಿ ಎಂದರೆ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಬೆರಕೆ. ಮಣ್ಣು ಹೆಚ್ಚಿದ್ದರೆ ಕಡ್ಡಿ ಗಟ್ಟಿ, ಗೆರೆ ತಿಳಿ. ಗ್ರಾಫೈಟ್ ಹೆಚ್ಚಿದ್ದರೆ ಕಡ್ಡಿ ಮೆದು, ಗೆರೆ ಕಪ್ಪು. ಫ್ರಾನ್ಸಿನ ಕೋಂಟೆ 1795ರಲ್ಲಿ ಪೇಟೆಂಟ್ ಪಡೆದ ಈ ಬೆರಕೆಯ ಲೆಕ್ಕವೇ ಇಂದಿಗೂ ನಡೆದಿದೆ. ನಾನು ಮೆಂಡರ್ ಬಳಸುವುದಿಲ್ಲ, ಬ್ಲೇಡಿನಿಂದ ಹೆರೆಯುತ್ತೇನೆ. ಮರವನ್ನು ಉದ್ದಕ್ಕೆ ಹೆರೆದು ಒಂದು ಸೆಂಟಿಮೀಟರಿನಷ್ಟು ಕಡ್ಡಿಯನ್ನು ಹೊರಗೆ ಬಿಟ್ಟು, ತುದಿಯನ್ನು ಉಪ್ಪುಕಾಗದದ ಚೂರಿನ ಮೇಲೆ ತಿರುಗಿಸುತ್ತ ಉಜ್ಜಿದರೆ ಸಾಕು. ಮೊನೆಯಿಂದ ಕೂದಲೆಳೆಯಂತಹ ಗೆರೆ ಬರುತ್ತದೆ, ಕಡ್ಡಿಯನ್ನು ಮಲಗಿಸಿದರೆ ಅಗಲವಾದ ನೆರಳು ಬರುತ್ತದೆ. ಒಂದೇ ಪೆನ್ಸಿಲು ಎರಡು ಕೆಲಸ ಮಾಡುತ್ತದೆ.

ಗೆರೆಗೆ ಮಸಿಯಲ್ಲಿ ಅದ್ದಿ ಬರೆಯುವ ಡಿಪ್ ಪೆನ್ನು, 2ನೇ ನಂಬರಿನ ದುಂಡು ಬ್ರಷ್ಷು, ನೀರಿಗೆ ಕರಗದ ಇಂಡಿಯನ್ ಇಂಕ್. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಹಚ್ಚಿರುತ್ತಾರೆ. ಸೋಪಿನ ನೀರಿನಲ್ಲಿ ತೊಳೆಯದೆ ಅದ್ದಿದರೆ ಮಸಿ ನಿಬ್ಬಿಗೆ ಹಿಡಿಯದೆ ಕಾಗದದ ಮೇಲೆ ಹನಿಯಾಗಿ ಬೀಳುತ್ತದೆ. ಇಂತಹ ಮಸಿಯಲ್ಲಿ ದೀಪದ ಕಾಡಿಗೆಯಷ್ಟು ನುಣ್ಣನೆಯ ಇಂಗಾಲ ಇರುತ್ತದೆ, ಜೊತೆಗೆ ಸಾಮಾನ್ಯವಾಗಿ ಅರಗು. ನೀರು ಆರಿದ ಮೇಲೆ ಅರಗು ಇಂಗಾಲವನ್ನು ಕಾಗದಕ್ಕೆ ಹಿಡಿದಿಡುತ್ತದೆ. ಮೇಲೆ ಬಣ್ಣ ಎಳೆದರೂ ಗೆರೆ ಕದಡುವುದಿಲ್ಲ. ಅದೇ ಕಾರಣಕ್ಕೆ ಇದನ್ನು ಫೌಂಟನ್ ಪೆನ್ನಿಗೆ ತುಂಬಬಾರದು. ಒಳಗೇ ಒಣಗಿ ಗಂಟಲು ಕಟ್ಟಿಬಿಡುತ್ತದೆ. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಮುಂದೆ ಚುನಾವಣೆಯ ಶಾಯಿಗೆ ದೇಶದಲ್ಲೆಲ್ಲ ಹೆಸರಾದದ್ದು. ಮಸಿ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಇನ್ನು ಕಾಗದ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನು ಪೆಟ್ಟು ತಿಂದದ್ದು ಇಲ್ಲಿಯೇ. ಮೂರನೆಯ ವರ್ಷದಲ್ಲಿ ಒಂದು ಮಕ್ಕಳ ಪುಸ್ತಕ ಸಿಕ್ಕಿತು, ಎಲ್ಲ ಚಿತ್ರಗಳೂ ಜಲವರ್ಣದಲ್ಲಿ. ಒಂದು ಅಂಗಡಿಯಲ್ಲಿ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದದ ಕಟ್ಟು ಕಡಿಮೆ ಬೆಲೆಗೆ ಸಿಕ್ಕಿತು, ತಂದೆ. ಆಕಾಶಕ್ಕೆ ನೀಲಿ ಎಳೆದರೆ ಸಮನಾಗಿ ಹರಡದೆ ಅಲ್ಲಲ್ಲಿ ಕಪ್ಪು ಚುಕ್ಕೆ ಮೂಡುತ್ತಿತ್ತು, ಒರಟು ಬಟ್ಟೆಗೆ ಎಣ್ಣೆ ಚೆಲ್ಲಿದ ಹಾಗೆ. ತಪ್ಪು ನನ್ನ ಕೈಯದೇ ಎಂದುಕೊಂಡು ಎರಡು ತಿಂಗಳು ಬರೀ ಆಕಾಶ ಎಳೆದೆ. ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ಬ್ರಷ್ಷು ಬದಲಿಸಿದೆ. ಕೊನೆಗೆ ಹಿರಿಯ ಕಲಾವಿದರೊಬ್ಬರು ಆ ಹಾಳೆಯ ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿದರು. ಹನಿ ಮೇಲೆ ನಿಲ್ಲದೆ ತಕ್ಷಣ ಒಳಗಿಳಿಯಿತು. ಕಾಗದ ನೀರನ್ನು ಒಮ್ಮೆಲೇ ಕುಡಿಯದಿರಲೆಂದು ಅದಕ್ಕೆ ಜೆಲಟಿನ್‌ನಂತಹ ಅಂಟಿನ ಲೇಪ ಕೊಟ್ಟಿರುತ್ತಾರೆ. ಮಳೆಗಾಲದ ತೇವದಲ್ಲಿ ಬಹಳ ಕಾಲ ಇಟ್ಟರೆ ಆ ಲೇಪ ಸತ್ತುಹೋಗುತ್ತದೆ. ನನ್ನ ಕಟ್ಟಿಗೆ ಆಗಿದ್ದದ್ದು ಅದೇ.

ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. ರವಿವರ್ಮನದೆಂದು ಅನೇಕರು ತಿಳಿದಿದ್ದಾರೆ, ಅದು ಎಸ್. ಎಲ್. ಹಲ್ದಂಕರ್ ಅವರದು, ಜಲವರ್ಣದ ಚಿತ್ರ. ಜಲವರ್ಣದಲ್ಲಿ ಬಣ್ಣ ಪಾರದರ್ಶಕ, ಬೆಳಕು ಕಾಗದದ ಬಿಳುಪಿನಿಂದಲೇ ಬರಬೇಕು. ಕಾಗದವೇ ಕೈಕೊಟ್ಟರೆ ಎಂತಹ ಕೈಯೂ ಆ ಬೆಳಕನ್ನು ಉಳಿಸಲಾರದು.

‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯನ್ನು ನಾವು ಕಲಿಯುವವರ ಮೇಲೆ ಬಹಳ ಸಲೀಸಾಗಿ ಬಳಸುತ್ತೇವೆ. ನೆಲ ನಿಜವಾಗಿಯೂ ಡೊಂಕಿರುವುದುಂಟು. ಅದಕ್ಕೇ ನಾನು ಹೇಳುವುದು: ನೆಲ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ, ಕಡಿಮೆ ಖರ್ಚಿನಲ್ಲೇ ಸರಿ ಮಾಡಿಕೊಳ್ಳಿ. ಆಮೇಲೆ ಐದು ವರ್ಷ ಅದರ ಕಡೆ ತಿರುಗಿ ನೋಡಬೇಡಿ. ಪೆನ್ಸಿಲು ಅಭ್ಯಾಸಕ್ಕೆ ಸಾಮಾನ್ಯ ಪ್ರಿಂಟರ್ ಕಾಗದ ಸಾಕು. ಮಸಿಗೆ, ನಿಬ್ಬಿನ ಮೊನೆ ನಾರು ಕೀಳದಂತಹ ನುಣುಪಾದ ದಪ್ಪ ಹಾಳೆ. ಬಣ್ಣಕ್ಕೆ ಮಾತ್ರ ಒಳ್ಳೆಯದನ್ನೇ ತನ್ನಿ, ನಾಲ್ಕು ಹಾಳೆಯಾದರೂ ಸರಿ.

ತಾಯಿ, ಒಂಟಿಕೊಪ್ಪಲು

ಸರ್, ನಾನು ಚಿತ್ರ ಬರೆಯುವವಳಲ್ಲ. ನನ್ನ ಮಗಳು ಎಂಟನೆಯ ತರಗತಿ. ಪರದೆಯ ಮೇಲೇ ನೇರವಾಗಿ ಬರೆಯುವ ಟ್ಯಾಬ್ಲೆಟ್ ಬೇಕೆಂದು ಆರು ತಿಂಗಳಿಂದ ಕೇಳುತ್ತಿದ್ದಾಳೆ. ಅದರ ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಕೊಡಿಸದಿದ್ದರೆ ಅವಳ ದಾರಿಗೆ ನಾನೇ ಅಡ್ಡ ನಿಂತಂತಾಗುತ್ತದೆಯೋ ಎಂಬ ಸಂಕಟ. ಕೊಡಿಸಿದ ಮೇಲೆ ಮೂಲೆ ಸೇರಿದರೆ ಎಂಬ ಭಯ. ಅವಳು ನೋಡುವ ವೀಡಿಯೊಗಳಲ್ಲಿ ಎಲ್ಲರೂ ಅದರಲ್ಲೇ ಬರೆಯುತ್ತಾರೆ. ನಿಜವಾಗಿ ಅದು ಅಷ್ಟು ಅಗತ್ಯವೇ? ದಯವಿಟ್ಟು ಯಾರಾದರೂ ನೇರವಾಗಿ ಹೇಳಿ.

ಪುಟವಿನ್ಯಾಸ (ಮೈಸೂರು)

ಅಮ್ಮ, ನಾನು ಮುದ್ರಣಾಲಯಕ್ಕೆ ಪುಟ ಕಟ್ಟುವವನು, ದಿನವೂ ಚಿತ್ರಕಾರರ ಫೈಲುಗಳನ್ನು ನೋಡುತ್ತೇನೆ. ನೇರ ಉತ್ತರ: ಈಗ ಬೇಡ. ಬೇಕೇ ಬೇಕು ಎನ್ನುವ ಕಾಲ ಬಂದರೆ ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ಸಿಗುತ್ತದೆ, ಬೆಲೆ ಬಹಳ ಕಡಿಮೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಸಾಕು. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ. ಮೊದಲ ಎರಡು ಮೂರು ವಾರ ಕೈ ತಡವರಿಸುತ್ತದೆ, ಆಮೇಲೆ ಒಗ್ಗುತ್ತದೆ. ಕ್ರಿಟಾ ಎಂಬ ಸಾಫ್ಟ್‌ವೇರ್ ಉಚಿತ, ಪುಸ್ತಕದ ಕೆಲಸಕ್ಕೆ ಧಾರಾಳವಾಗಿ ಸಾಕು. ಪೆಟ್ಟಿಗೆಯ ಮೇಲೆ ‘8192 ಒತ್ತಡದ ಹಂತಗಳು’ ಎಂದು ಬರೆದಿರುವುದನ್ನು ನೋಡಿ ಹೆಚ್ಚು ದುಡ್ಡು ಕೊಡಬೇಡಿ. ಅಷ್ಟು ಹಂತಗಳನ್ನು ಬೇರ್ಪಡಿಸಿ ಒತ್ತುವ ಕೈ ಯಾರಿಗೂ ಇಲ್ಲ.

ಇನ್ನೊಂದು ಮಾತು, ಇದು ಈಗಾಗಲೇ ಡಿಜಿಟಲ್‌ನಲ್ಲಿ ಬರೆಯುವವರಿಗೆ. ಎ4 ಪುಟ ಅಚ್ಚಿಗೆ ಹೋಗಬೇಕಾದರೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ), ಅಂದರೆ ಅಗಲಕ್ಕೆ 2480, ಉದ್ದಕ್ಕೆ 3508 ಪಿಕ್ಸೆಲ್ ಇರಬೇಕು. ಮೊಬೈಲಿನಲ್ಲಿ ಚೆನ್ನಾಗಿ ಕಂಡ ಚಿತ್ರವನ್ನು ಹಾಗೆಯೇ ಕಳುಹಿಸಿದರೆ ಅಚ್ಚಿನಲ್ಲಿ ಅಂಚುಗಳು ಮೆಟ್ಟಿಲಾಗುತ್ತವೆ. ಪರದೆಯ ಬಣ್ಣ ಬೆಳಕಿನದು, ಅಚ್ಚಿನ ಬಣ್ಣ ನಾಲ್ಕು ಮಸಿಗಳದು. ಹೊಳೆಯುವ ಹಸಿರು, ಕಣ್ಣು ಕುಕ್ಕುವ ನೀಲಿ ಕಾಗದಕ್ಕೆ ಇಳಿಯುವಾಗ ಮಂಕಾಗುತ್ತವೆ. ಮೊದಲೇ ಪರೀಕ್ಷಿಸಿ ಕಳುಹಿಸಿ.

ಮಸಿಕುಡಿಕೆ

ಪುಟವಿನ್ಯಾಸದವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಅಮ್ಮ, ಮಗಳಿಗೆ ‘ಬೇಡ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಅವಳ ಆಸೆ ಸುಳ್ಳಲ್ಲ. ನಾನೂ ಇವತ್ತು ಅರ್ಧ ಕೆಲಸವನ್ನು ಟ್ಯಾಬ್ಲೆಟ್‌ನಲ್ಲೇ ಮುಗಿಸುತ್ತೇನೆ. ಅದರಲ್ಲಿ ತಪ್ಪಿದ ಗೆರೆಯನ್ನು ಒಂದು ಗುಂಡಿ ಒತ್ತಿ ಹಿಂತೆಗೆಯಬಹುದು. ಗಡುವಿನಲ್ಲಿ ಕೆಲಸ ಮಾಡುವವನಿಗೆ ಅದು ವರ, ಕಲಿಯುತ್ತಿರುವ ಮಗುವಿಗೆ ಅಷ್ಟು ಒಳ್ಳೆಯದಲ್ಲ. ಗೆರೆ ಎಳೆಯುವ ಮುನ್ನ ಒಂದು ಕ್ಷಣ ನಿಂತು ನೋಡುವ ಅಭ್ಯಾಸ ಮಸಿಯಲ್ಲಿ ತಾನಾಗಿ ಬರುತ್ತದೆ, ಏಕೆಂದರೆ ಅಲ್ಲಿ ಹಿಂತೆಗೆಯಲಾಗದು.

ಅವಳಿಗೆ ಒಂದು ಬರಿ ಹಾಳೆಯ ಪುಸ್ತಕ, ಒಂದು 2ಬಿ ಪೆನ್ಸಿಲು ಕೊಡಿ. ಒಂದೇ ವಸ್ತುವನ್ನು ಆರಿಸಿಕೊಂಡು ಒಂದು ತಿಂಗಳು ಬರೆಯಲು ಹೇಳಿ. ಕಾಗೆಯಾದರೆ ಒಳ್ಳೆಯದು, ಒಂಟಿಕೊಪ್ಪಲಿನಲ್ಲಿ ಅದಕ್ಕೇನೂ ಬರವಿಲ್ಲ. 1921ರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರಿಗೆ ಚಿಕ್ಕಂದಿನಿಂದ ಕಾಗೆಯ ಮೇಲೆ ಪ್ರಾಣ. ಮುಂಬಯಿಯ ಜೆ. ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಓದುತ್ತಲೇ ಅಣ್ಣ, ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ಕಥೆಗಳಿಗೆ ಚಿತ್ರ ಬರೆದರು, ಕೊರವಂಜಿ ಎಂಬ ಹಾಸ್ಯಪತ್ರಿಕೆಗೂ ಬರೆದರು. ದೇಶಕ್ಕೆಲ್ಲ ಹೆಸರಾದ ಮೇಲೂ ಕಾಗೆಯನ್ನು ಮಾತ್ರ ಬಿಡಲಿಲ್ಲ.

ಮಂಡ್ಯದ ಡ್ರಾಯಿಂಗ್ ಮೇಷ್ಟರು

ಮಸಿಕುಡಿಕೆಯವರ ಕಾಗದದ ಕಥೆ ಓದಿ ಸಮಾಧಾನವಾಯಿತು. ಇಪ್ಪತ್ತೆರಡು ವರ್ಷಗಳಿಂದ ಹಳ್ಳಿ ಶಾಲೆಗಳಲ್ಲಿ ಚಿತ್ರ ಕಲಿಸುತ್ತಿದ್ದೇನೆ. ನನ್ನ ಮಕ್ಕಳಿಗೆ ಸಾಮಾನು ಎಂದರೆ ಸುಣ್ಣದ ಕಡ್ಡಿ ಮತ್ತು ಶಾಲೆಯ ಸಿಮೆಂಟು ನೆಲ. ಇದ್ದಿಲನ್ನು ನಾವೇ ಮಾಡಿಕೊಳ್ಳುತ್ತೇವೆ. ಪೆನ್ಸಿಲಿನ ಗಾತ್ರದ ಒಣ ಹುಣಸೆ ಕಡ್ಡಿಗಳ ತೊಗಟೆ ಸುಲಿದು, ಮುಚ್ಚಳವಿರುವ ತಗಡಿನ ಡಬ್ಬಿಗೆ ಬಿಗಿಯಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ ಕೆಂಡದಲ್ಲಿ ಇಡುತ್ತೇವೆ. ತೂತಿನಿಂದ ಹೊಗೆ ಬರುವುದು ನಿಂತರೆ ಆಯಿತು. ಡಬ್ಬಿ ಪೂರ್ತಿ ಆರುವವರೆಗೆ ಮುಚ್ಚಳ ತೆಗೆಯಬಾರದು. ಗಾಳಿ ತಗುಲಿದರೆ ಕಡ್ಡಿ ಹೊತ್ತಿಕೊಂಡು ಬೂದಿಯಾಗುತ್ತದೆ. ಕೊಕ್ಕರೆ ಬೆಳ್ಳೂರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಹುಣಸೆ ಮರದ ಮೇಲೆ ಗೂಡು ಕಟ್ಟಿದ್ದ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳನ್ನು ಹುಣಸೆ ಇದ್ದಿಲಿನಲ್ಲೇ ಬರೆದರು. ಆ ಹಾಳೆಗಳು ಈಗಲೂ ನನ್ನ ಪೆಟ್ಟಿಗೆಯಲ್ಲಿವೆ.

ಅಭ್ಯಾಸದ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ. ‘ಹಾಡುತ್ತ ಹಾಡುತ್ತ ರಾಗ’ ಎನ್ನುತ್ತೇವೆ. ಅಪಸ್ವರವನ್ನೇ ಹಾಡುತ್ತ ಹೋದರೆ ಅಪಸ್ವರವೇ ಗಟ್ಟಿಯಾಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಮಕ್ಕಳ ಮುಂದೆ ಸ್ಟೀಲ್ ಲೋಟ ಇಟ್ಟು ಬರೆಯಲು ಹೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಬಾಯಿಯ ಅಂಡಾಕಾರದ ಎರಡೂ ತುದಿಗಳನ್ನು ಎಲೆಯ ತುದಿಯ ಹಾಗೆ ಚೂಪು ಮಾಡುತ್ತಾರೆ, ತಳಕ್ಕೆ ನೆಟ್ಟಗೆ ಒಂದು ಗೆರೆ ಹಾಕುತ್ತಾರೆ. ಲೋಟ ಮೇಜಿನ ಮೇಲೆ ಕೂರುತ್ತದೆ, ಮೇಜು ಚಪ್ಪಟೆ, ಆದ್ದರಿಂದ ತಳವೂ ಚಪ್ಪಟೆ ಎಂಬುದು ಅವರ ತಿಳಿವಳಿಕೆ. ಕಣ್ಣಿಗೆ ಕಾಣುವುದು ಹಾಗಲ್ಲ. ನಾವು ಮೇಲಿನಿಂದ ನೋಡುತ್ತಿರುವುದರಿಂದ ತಳವೂ ಬಾಗಿಯೇ ಕಾಣಬೇಕು, ಅದೂ ಬಾಯಿಗಿಂತ ಹೆಚ್ಚು ದುಂಡಗೆ, ಏಕೆಂದರೆ ತಳ ನಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ. ಇದನ್ನು ಯಾರೂ ತೋರಿಸದಿದ್ದರೆ ನೂರು ಲೋಟ ಬರೆದರೂ ನೂರಕ್ಕೂ ಚಪ್ಪಟೆ ತಳವೇ. ತೋರಿಸಿದ ಮೇಲೆ ಹತ್ತು ಲೋಟ ಸಾಕು. ಆ ಮಗು ಆಮೇಲೆ ಕಬ್ಬಿನ ಗಾಡಿಯ ಚಕ್ರವನ್ನು ಓರೆಯಿಂದ ಬರೆಯುವಾಗಲೂ ತಪ್ಪುವುದಿಲ್ಲ.

ಪಡುವಣ ಗಾಳಿ

ನನ್ನ ಕಥೆ ಮೇಷ್ಟರು ಹೇಳಿದ ಹಾಗೆಯೇ ಇದೆ. ಕೆಲಸದಿಂದ ಬಂದ ಮೇಲೆ ದಿನವೂ ಒಂದು ಗಂಟೆ ಎಂದು ವ್ರತ ಹಿಡಿದು ಒಂದು ವರ್ಷದಲ್ಲಿ ಮೂರು ಪುಸ್ತಕ ತುಂಬಿಸಿದೆ. ಮೊದಲ ಪುಸ್ತಕವನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೆರೆ ಸ್ವಲ್ಪ ವೇಗವಾಗಿದೆ, ಅಷ್ಟೇ. ಮನುಷ್ಯರ ಕೈಗಳು ಇನ್ನೂ ಪೊರಕೆಯಂತೆಯೇ ಇವೆ. ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಏನನ್ನು, ಹೇಗೆ ಎಂದು ಯಾರೂ ಹೇಳುವುದಿಲ್ಲ. ಕಲಿಸುವವರು ಹತ್ತಿರ ಇಲ್ಲದವರು ಏನು ಮಾಡಬೇಕು?

ರೇವಲಚಿನ್ನಿ (ಮೈಸೂರು ಶೈಲಿಯ ಚಿತ್ರಕಲೆ)

ನಮ್ಮದು ಬೇರೆ ಲೋಕ, ಆದರೂ ಹೇಳುತ್ತೇನೆ. ಸಾಂಪ್ರದಾಯಿಕ ಮೈಸೂರು ಚಿತ್ರದಲ್ಲಿ ಏನು ಬರೆಯಬೇಕೆಂಬುದು ಬಹುಮಟ್ಟಿಗೆ ಮೊದಲೇ ಗೊತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು ಎಂದು ಚಿತ್ರಸಮೇತ ಇದೆ. ಹಾಗಾಗಿ ಚಿತ್ರಕಾರನ ಗುರುತು ಉಳಿಯುವುದು ಗೆರೆಯಲ್ಲಿ. ನನ್ನ ಗುರುಗಳು ಮೊದಲ ಆರು ತಿಂಗಳು ಬಳ್ಳಿ ಬಿಟ್ಟು ಬೇರೇನನ್ನೂ ಬರೆಸಲಿಲ್ಲ. ಅಕ್ಷರ ತಿದ್ದಿಸುತ್ತಾರಲ್ಲ, ಹಾಗೆ ತಿದ್ದಿಸಿದರು. ಬಳ್ಳಿ ತಿರುಗುವ ಜಾಗದಲ್ಲಿ ಗೆರೆ ದಪ್ಪವಾಗಿ, ಸುಳಿಯ ತುದಿಯಲ್ಲಿ ಸಣ್ಣವಾಗಿ ಮುಗಿಯಬೇಕು, ಒಂದೇ ಉಸಿರಿನಲ್ಲಿ. ಕುಂಚದ ತುದಿ ಎಲ್ಲಿ ಎತ್ತಿಕೊಳ್ಳಬೇಕೆಂಬುದು ಮಣಿಕಟ್ಟಿಗೆ ಗೊತ್ತಾಗುವವರೆಗೆ ಗುರುಗಳು ಬಣ್ಣದ ಬಟ್ಟಲನ್ನು ನನ್ನ ಕಡೆ ಸರಿಸಲಿಲ್ಲ.

ಹಿಂದೆ ಸಣ್ಣ ಗೆರೆಗೆ ಅಳಿಲಿನ ಕೂದಲಿನ ಕುಂಚ, ಇನ್ನೂ ಸಣ್ಣದಕ್ಕೆ ಒಂದು ಬಗೆಯ ಹುಲ್ಲಿನ ಗರಿ ಬಳಸುತ್ತಿದ್ದರು. ಮೇಷ್ಟರು ಹೇಳಿದ ಹುಣಸೆ ಇದ್ದಿಲೇ ನಮ್ಮಲ್ಲೂ ಮೊದಲ ನಕ್ಷೆಗೆ. ನಾನು ಈಗ ಸಿಂಥೆಟಿಕ್ ಕೂದಲಿನ ಸೊನ್ನೆ ನಂಬರಿನ ಕುಂಚದಿಂದ ಬರೆಯುತ್ತೇನೆ. ಮಕ್ಕಿ ಸಫೇದ ಎಂಬ ಬಿಳಿ ಪುಡಿ, ರೇವಲಚಿನ್ನಿ ಎಂಬ ಹಳದಿ ರಾಳ, ಅಂಟು ಸೇರಿಸಿದ ಮುದ್ದೆಯಿಂದ ಒಡವೆಗಳ ಉಬ್ಬು ಎತ್ತುವಾಗ ಕೈ ಒಂದು ಕೂದಲಷ್ಟು ನಡುಗಿದರೂ ಮೇಲೆ ಚಿನ್ನದ ರೇಕು ಅಂಟಿಸಿದ ಮೇಲೆ ಅದು ಎದ್ದು ಕಾಣುತ್ತದೆ. ಚಿನ್ನ ತಪ್ಪನ್ನು ಮುಚ್ಚುವುದಿಲ್ಲ.

ಮಸಿಕುಡಿಕೆ

ಪಡುವಣ ಗಾಳಿಯವರೇ, ನಿಮ್ಮ ಪ್ರಶ್ನೆಗೆ ಕಳೆದ ವಾರದ ಆನೆಯಿಂದಲೇ ಉತ್ತರ ಹೇಳುತ್ತೇನೆ. ಆ ಚಿತ್ರದ ಮೊದಲ ಪ್ರತಿಯನ್ನು ನೀವು ಯಾರೂ ನೋಡಿಲ್ಲ. ಅದರಲ್ಲಿ ಆನೆಯ ಹಿಂಗಾಲು ಎತ್ತಿನ ಹಿಂಗಾಲಿನಂತೆ ಹಿಂದಕ್ಕೆ ಮಡಚಿತ್ತು. ಇಷ್ಟು ವರ್ಷ ಬರೆದ ಕೈ ಸರಾಗವಾಗಿ ಬರೆದುಬಿಟ್ಟಿತ್ತು, ಗೆರೆಯೂ ಅಂದವಾಗಿತ್ತು. ಎಲ್ಲೋ ಸರಿಯಿಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು.

ದಸರಾ ಆನೆಗಳ ತಾಲೀಮು ಆಗ ನಡೆಯುತ್ತಿತ್ತು. ಅರಮನೆಯಿಂದ ಬನ್ನಿಮಂಟಪದವರೆಗೆ ದಿನವೂ ನಡೆಸುತ್ತಾರೆ. ಚಿನ್ನದ ಅಂಬಾರಿ ಸುಮಾರು 750 ಕಿಲೋ. ಆ ಭಾರ ಬೆನ್ನಿಗೆ ಒಗ್ಗಲೆಂದು ಮರಳಿನ ಮೂಟೆ ಹೊರಿಸಿ, ದಿನ ಕಳೆದಂತೆ ತೂಕ ಹೆಚ್ಚಿಸುತ್ತಾರೆ. ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ನಿಂತು ಹಿಂಗಾಲನ್ನಷ್ಟೇ ನೋಡಿದೆ. ಸೊಂಡಿಲು, ದಂತ, ಕಿವಿ ಯಾವುದನ್ನೂ ನೋಡಲಿಲ್ಲ. ಆನೆಯ ಹಿಂಗಾಲಿನ ಮಂಡಿ ನಮ್ಮ ಮಂಡಿಯಂತೆಯೇ ಮುಂದಕ್ಕೆ ಮಡಚುತ್ತದೆ, ಅದೂ ಬಹಳ ಕೆಳಗೆ. ಹಿಂದಿನ ಹೆಜ್ಜೆ ಮುಂಗಾಲು ಬಿಟ್ಟ ಜಾಗದಲ್ಲೇ ಹೆಚ್ಚುಕಡಿಮೆ ಬೀಳುತ್ತದೆ. ನಿಂತಲ್ಲೇ ಬರೆಯಲಿಲ್ಲ. ಮನೆಗೆ ಬಂದು ನೆನಪಿನಿಂದ ಬರೆದೆ, ಎಲ್ಲಿ ನೆನಪು ಕೈಕೊಟ್ಟಿತೋ ಆ ಜಾಗಕ್ಕೆ ಪ್ರಶ್ನೆಚಿಹ್ನೆ ಹಾಕಿದೆ, ಮರುದಿನ ಆ ಪ್ರಶ್ನೆಚಿಹ್ನೆಗಳನ್ನು ನೋಡಲೆಂದೇ ಮತ್ತೆ ಹೋದೆ. ಆರು ದಿನ ಹೀಗೆ ಮಾಡಿದೆ.

ಕಲಿಸುವವರಿಲ್ಲದವರಿಗೆ ನಾನು ಕಂಡ ದಾರಿ ಇದು. ನಿಮ್ಮ ಮೂರು ಪುಸ್ತಕಗಳಲ್ಲಿ ಕೈಗಳು ಪೊರಕೆಯಂತಿವೆ ಎಂದಿರಿ. ಹಾಗಾದರೆ ನಾಲ್ಕನೆಯ ಪುಸ್ತಕದಲ್ಲಿ ಕೈಗಳಷ್ಟೇ ಇರಲಿ. ದೇವರಾಜ ಮಾರುಕಟ್ಟೆಗೆ ಹೋಗಿ ಹೂ ಕಟ್ಟುವವರ ಹತ್ತಿರ ಹತ್ತು ನಿಮಿಷ ನಿಲ್ಲಿ. ದಾರದ ಸುತ್ತು ಬಿಗಿಯುವಾಗ ಹೆಬ್ಬೆರಳು ಎಲ್ಲಿರುತ್ತದೆ, ಕಿರುಬೆರಳು ಏನು ಮಾಡುತ್ತಿರುತ್ತದೆ, ಅಷ್ಟನ್ನೇ ಹೊತ್ತುಕೊಂಡು ಮನೆಗೆ ಬನ್ನಿ. ಬರೆದ ಹಾಳೆಯ ಮೇಲೆ ದಿನಾಂಕ ಹಾಕಿ, ಯಾವುದು ತಿಳಿಯಲಿಲ್ಲ ಎಂದು ಒಂದು ಸಾಲು ಬರೆಯಿರಿ. ಮೇಷ್ಟರು ಲೋಟದ ತಳ ತೋರಿಸಿದ ಹಾಗೆ ಆ ಸಾಲು ನಿಮಗೆ ತೋರಿಸುತ್ತದೆ. ಒಂದು ಗಂಟೆಯೂ ಬೇಕಿಲ್ಲ, ಇಪ್ಪತ್ತು ನಿಮಿಷ ಸಾಕು.

ಕಾಗದದ ದೋಣಿ

ಒಂದು ಸಣ್ಣ ಸೇರ್ಪಡೆ. ಪೆನ್ನನ್ನು ಬಿಗಿಯಾಗಿ ಹಿಡಿದು ಮಣಿಕಟ್ಟಿನಿಂದಲೇ ಬರೆದು ಎರಡು ವರ್ಷ ನೋವು ಅನುಭವಿಸಿದವಳು ನಾನು. ಉದ್ದನೆಯ ಗೆರೆಗಳನ್ನು ಮೊಣಕೈಯಿಂದ, ಭುಜದಿಂದ ಎಳೆಯಿರಿ. ನಡುನಡುವೆ ಎದ್ದು ಕೈ ಬಿಡಿಸಿಕೊಳ್ಳಿ. ನೋವು ಶುರುವಾದ ದಿನವೇ ನಿಲ್ಲಿಸಿ, ಅದನ್ನು ಸಹಿಸುವುದು ಸಾಧನೆಯಲ್ಲ.

ಮಂಡ್ಯದ ಡ್ರಾಯಿಂಗ್ ಮೇಷ್ಟರು

ಪ್ರಶ್ನೆಚಿಹ್ನೆ ಹಾಕುವ ಕ್ರಮ ನನಗೂ ಹೊಸದು. ಸೋಮವಾರದಿಂದಲೇ ಮಕ್ಕಳಿಗೆ ಹೇಳಿಕೊಡುತ್ತೇನೆ. ನನ್ನ ತಕರಾರು ಹಿಂತೆಗೆದುಕೊಂಡಿದ್ದೇನೆ.

ತಾಯಿ, ಒಂಟಿಕೊಪ್ಪಲು

ಐದು ವಾರದ ಮೇಲೆ ಬರೆಯುತ್ತಿದ್ದೇನೆ, ಎಲ್ಲರಿಗೂ ನಮಸ್ಕಾರ. ಈ ಚರ್ಚೆಯನ್ನು ಮಗಳಿಗೆ ಓದಿಸಿದೆ. ಮೊದಲ ವಾರ ಸಿಟ್ಟಿನಲ್ಲೇ ಬರೆದಳು. ಎರಡನೆಯ ವಾರ ತಾರಸಿಯ ಮೇಲೆ ಅನ್ನ ಇಟ್ಟು ಕಾಗೆಗಾಗಿ ಕಾಯತೊಡಗಿದಳು. ಅದು ಒಂದು ಕಡೆ ಕೂರುವುದಿಲ್ಲವೆಂದು ಅತ್ತದ್ದೂ ಆಯಿತು. ನಿನ್ನೆ ಪುಸ್ತಕ ತಂದು ತೋರಿಸಿದಳು. ಮೊದಲ ಕಾಗೆಗಳಿಗೆಲ್ಲ ಕಾಲಿನಲ್ಲಿ ಮೂರು ಬೆರಳು, ಮುಂದಕ್ಕೆ ಚಾಚಿದ ಮೂರು ಗೆರೆ. ಹದಿನೇಳನೆಯ ಕಾಗೆಯ ಕಾಲಿನ ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ. ಹದಿನೆಂಟನೆಯದರಲ್ಲಿ ಹಿಂದಕ್ಕೆ ಚಾಚಿದ ನಾಲ್ಕನೆಯ ಬೆರಳು, ಅದು ನೀರಿನ ತೊಟ್ಟಿಯ ಅಂಚನ್ನು ಹಿಡಿದುಕೊಂಡಿದೆ. ‘ಅಮ್ಮ, ಇಷ್ಟು ದಿನ ನನ್ನ ಕಾಗೆಗಳು ಬೀಳದೆ ಹೇಗೆ ಕೂತಿದ್ದವು’ ಎಂದು ಕೇಳಿದಳು.

ಟ್ಯಾಬ್ಲೆಟ್ಟಿನ ಮಾತನ್ನು ಬಿಟ್ಟಿಲ್ಲ, ಹತ್ತನೆಯ ತರಗತಿಗೆ ಮುಂದೂಡಿದ್ದಾಳೆ. ಪುಸ್ತಕದಲ್ಲಿ ನಾಲ್ಕೇ ಹಾಳೆ ಉಳಿದಿವೆ. ಮುಂದೆ ಯಾವ ಪುಸ್ತಕ ತರಲಿ, ಸರ್?

ಮಸಿಕುಡಿಕೆ

ಅದೇ ಪುಸ್ತಕ ಇನ್ನೊಂದು ತನ್ನಿ, ಅಮ್ಮ. ಜೊತೆಗೆ ಒಂದು ನಿಬ್ಬು, ಒಂದು ಸಣ್ಣ ಬಾಟಲಿ ಮಸಿ. ಆ ಹದಿನೆಂಟನೆಯ ಕಾಗೆಯ ಫೋಟೊ ಇಲ್ಲಿ ಹಾಕಲು ಅವಳು ಒಪ್ಪಿದರೆ ಹಾಕಿ, ನಾವೆಲ್ಲ ನೋಡಬೇಕು.